ಮೂಲೆಯ ಡಬ್ಬ ನಡುಮನೆಗೆ ಬರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಮನೆಯ ಇಂಟರ್‌ನೆಟ್

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು, ಮನೆಯ ರೂಟರ್. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಪೆರ್ಲ, ಮುಳ್ಳೇರಿಯ, ಬಾಯಾರು, ಆದೂರು, ಎಲ್ಲ ಕಡೆಯಿಂದಲೂ ಬಂದಿವೆ. ಕೆಲವು ವರ್ಷದ ಹಿಂದೆ ಮೊಬೈಲ್ ಹಿಡಿದುಕೊಂಡು ಗುಡ್ಡೆ ಹತ್ತುತ್ತಿದ್ದ ಮನೆಗಳಿಗೆ ಈಗ ಫೈಬರ್ ಬಂದಿದೆ. ನನಗೆ ಅದು ತುಂಬಾ ಖುಷಿಯ ಸಂಗತಿ. ಆದರೆ ಡಬ್ಬ ಇಟ್ಟು ಹೋಗುವವರು ಅದರ ಬಗ್ಗೆ ಎರಡು ಮಾತು ಹೇಳಿ ಹೋಗುವುದು ಕಡಿಮೆ. ಹೇಳಿದರೂ ಅವಸರದಲ್ಲಿ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಹೇಳಿ ಬೈಕ್ ಹತ್ತುತ್ತಾರೆ. ಡಬ್ಬದ ಜೊತೆ ಬರುವ ಪುಸ್ತಕಗಳಲ್ಲಿ ನಾನು ನೋಡಿದಷ್ಟರಲ್ಲಿ ಕನ್ನಡ ಇಲ್ಲ. ಹಾಗಾಗಿ ಈ ಸಲ ಅಂಕಣದ ಪೂರ್ತಿ ಜಾಗ ಇದಕ್ಕೇ ಇರಲಿ.

ನೀರ್ಚಾಲಿನಿಂದ ಒಬ್ಬರು ಗೃಹಿಣಿ: ಅಣ್ಣಾ, ಎರಡು ತಿಂಗಳ ಹಿಂದೆ ಫೈಬರ್ ಹಾಕಿಸಿದೆವು. ಬಂದ ಹುಡುಗ ಜಗಲಿಯ ಕಿಟಕಿ ಹತ್ತಿರ ಡಬ್ಬ ಇಟ್ಟು ಹೋದ. ಜಗಲಿಯಲ್ಲಿ ಕೂತರೆ ಚೆನ್ನಾಗಿ ಓಡುತ್ತದೆ. ಅಡುಗೆಮನೆಯಲ್ಲಿ ಒಂದು ಕಡ್ಡಿಯೂ ಇಲ್ಲ, ಉಪ್ಪರಿಗೆಯಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತದೆ. ನಮ್ಮದು ಅಜ್ಜನ ಕಾಲದ ಮುರಕಲ್ಲಿನ ಮನೆ. ಪ್ಲಾನ್ ದೊಡ್ಡದು ಮಾಡಿದರೆ ಸರಿಯಾಗುತ್ತದಾ?

ಉತ್ತರ: ಆಗುವುದಿಲ್ಲ ಅಕ್ಕ. ದಯವಿಟ್ಟು ಪ್ಲಾನಿಗೆ ಇನ್ನೊಂದು ರೂಪಾಯಿಯೂ ಹಾಕಬೇಡಿ. ಜಗಲಿಯಲ್ಲಿ ಚೆನ್ನಾಗಿ ಓಡುತ್ತದೆ ಅಂದಮೇಲೆ ಲೈನು ಸರಿ ಇದೆ ಅಂತ ಅರ್ಥ. ಸೋತದ್ದು ಜಗಲಿಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ.

ನಿಮ್ಮ ಮನೆಗೆ ಬರುವ ಆ ಸಪೂರ ವಯರಿನ ಒಳಗೆ ಕೂದಲೆಳೆಯಂಥ ಗಾಜು ಇದೆ. ಅದರಲ್ಲಿ ಬೆಳಕು ಬರುತ್ತದೆ. ಆ ಬೆಳಕನ್ನು ಇಂಟರ್‌ನೆಟ್ ಆಗಿ ಬದಲಾಯಿಸುವುದು ಆ ಡಬ್ಬದ ಒಂದು ಕೆಲಸ, ಅದಕ್ಕೆ ಓಎನ್‌ಟಿ ಅನ್ನುತ್ತಾರೆ. ಅದನ್ನು ಮನೆಯ ಎಲ್ಲ ಫೋನು, ಟಿವಿ, ಲ್ಯಾಪ್‌ಟಾಪಿಗೆ ಹಂಚುವುದು ಇನ್ನೊಂದು ಕೆಲಸ, ಅದು ರೂಟರಿನದ್ದು. ಈಗ ಹೆಚ್ಚಿನ ಕಡೆ ಎರಡೂ ಒಂದೇ ಡಬ್ಬದಲ್ಲಿ ಇರುತ್ತವೆ. ಮನೆಯ ಒಳಗೆ ಹಂಚುವುದು ರೇಡಿಯೋ ಅಲೆಗಳ ಮೂಲಕ. ಮುರಕಲ್ಲಿನ ದಪ್ಪ ಗೋಡೆ ದಾಟುವಾಗ ಈ ಅಲೆಗಳ ಶಕ್ತಿ ತುಂಬಾ ಕುಗ್ಗುತ್ತದೆ. ಒಂದು ಗೋಡೆ ಪರವಾಗಿಲ್ಲ, ಎರಡನೆಯದಕ್ಕೆ ಕಷ್ಟ, ಮೂರನೆಯದಕ್ಕೆ ಮುಗಿಯಿತು. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯಾದರೆ ಇನ್ನೂ ಕಷ್ಟ. ಜಗಲಿಯಲ್ಲಿ ಇಟ್ಟ ಡಬ್ಬದ ಅರ್ಧ ಶಕ್ತಿ ಅಂಗಳಕ್ಕೆ, ತೆಂಗಿನ ಮರಕ್ಕೆ ಹೋಗುತ್ತಿದೆ ಅಲ್ವಾ? ಅಲ್ಲಿ ಅದು ಯಾರಿಗೂ ಬೇಡ.

ಹೋದ ವರ್ಷ ಬದಿಯಡ್ಕದ ಹತ್ತಿರ ಇದೇ ತರದ ಒಂದು ಮನೆಗೆ ಹೋಗಿದ್ದೆ. ಅಲ್ಲಿಯೂ ಡಬ್ಬ ಜಗಲಿಯಲ್ಲೇ. ನಾನು ಒಂದು ಉದ್ದದ ಎಕ್ಸ್‌ಟೆನ್ಶನ್ ಬೋರ್ಡು ತೆಗೆದುಕೊಂಡು, ಡಬ್ಬವನ್ನು ಒಂದೊಂದು ಕಡೆ ಇಟ್ಟು ನೋಡುತ್ತಾ ಹೋದೆ. ಮನೆಯ ಸೊಸೆ ಫೋನ್ ಹಿಡಿದುಕೊಂಡು ಅಡುಗೆಮನೆ, ಉಪ್ಪರಿಗೆ, ಬಚ್ಚಲಿನ ಬಾಗಿಲು ಅಂತ ತಿರುಗಿ ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಕೊನೆಗೆ ನಡುಕೋಣೆಯಲ್ಲಿ, ಈಗ ಭತ್ತ ಇಲ್ಲದೆ ಖಾಲಿ ಬಿದ್ದಿದ್ದ ಪತ್ತಾಯದ ಮೇಲೆ ಇಟ್ಟಾಗ ಮೂರೂ ಕಡೆಯಿಂದ "ಬಂತು" ಅಂದರು. ಈಗಲೂ ಅಲ್ಲೇ ಇದೆ, ಪತ್ತಾಯದ ಮೇಲೆ, ಪಕ್ಕದಲ್ಲಿ ಹಳೆಯ ಪಂಚಾಂಗ.

ನೀವೂ ಹಾಗೆಯೇ ಮಾಡಿ ನೋಡಿ. ಮನೆಯ ಮಧ್ಯಭಾಗ, ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ, ತೆರೆದ ಜಾಗ. ಕಪಾಟಿನ ಒಳಗೆ ಬೇಡ, ಟಿವಿಯ ಹಿಂದೆ ಬೇಡ, ಫ್ರಿಜ್ಜಿನ ಮೇಲೆ ಬೇಡ, ಮೈಕ್ರೋವೇವಿನ ಪಕ್ಕ ಬೇಡ. ಹೊರಗೆ ಕಾಣುವ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಿ. ನೆಟ್ಟಗೆ ನಿಂತ ಆಂಟೆನಾ ಅಲೆಗಳನ್ನು ಹೆಚ್ಚಾಗಿ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಹಾಗಾಗಿ ಉಪ್ಪರಿಗೆಗೂ ಬೇಕಿದ್ದರೆ ಒಂದನ್ನು ಮಾತ್ರ ಅಡ್ಡ ಮಲಗಿಸಿ ನೋಡಬಹುದು.

ಡಬ್ಬವನ್ನು ಒಳಗೆ ತರುವುದು ಹೇಗೆ ಅಂತ ಕೇಳುತ್ತೀರಿ. ಎರಡು ದಾರಿ ಇದೆ. ಒಂದು, ಲೈನಿನವರನ್ನು ಕರೆಸಿ ಫೈಬರನ್ನೇ ಒಳಗೆ ಎಳೆಸುವುದು. ಇದನ್ನು ನೀವೇ ಮಾಡಲು ಹೋಗಬೇಡಿ. ಫೈಬರ್ ಕರೆಂಟಿನ ವಯರಿನ ಹಾಗೆ ಸುಲಿದು, ತಿರುಚಿ, ಟೇಪು ಸುತ್ತಿ ಸೇರಿಸುವಂಥದ್ದಲ್ಲ, ಗಟ್ಟಿಯಾಗಿ ಮಡಚಿದರೂ ಒಳಗೆ ಬೆಳಕು ಸೋರಿ ಹೋಗುತ್ತದೆ. ಇನ್ನೊಂದು ದಾರಿ, ಡಬ್ಬ ಜಗಲಿಯಲ್ಲೇ ಇರಲಿ, ಅದರ ಹಿಂದಿನ ಲ್ಯಾನ್ ಎಂದು ಬರೆದ ತೂತಿನಿಂದ ಒಂದು ಲ್ಯಾನ್ ಕೇಬಲ್ ಎಳೆದು ನಡುಕೋಣೆಯಲ್ಲಿ ಇನ್ನೊಂದು ರೂಟರ್ ಇಡುವುದು. ಆ ಕೇಬಲ್ 100 ಮೀಟರಿನವರೆಗೂ ಹೋಗಬಹುದು, ಮನೆಯೊಳಗೆ ಅಷ್ಟೆಲ್ಲ ಬೇಡ.

ಪೇಟೆಯಲ್ಲಿ ಗೋಡೆಯ ಪ್ಲಗ್ಗಿಗೆ ಚುಚ್ಚುವ, ವೈಫೈ ಸಿಗ್ನಲನ್ನು ಹಿಡಿದು ಮುಂದೆ ಕಳುಹಿಸುವ ರಿಪೀಟರ್ ಸಿಗುತ್ತದೆ, ಅಗ್ಗವೂ ಹೌದು. ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ, ಆಮೇಲೆ ಕೆಲಸ ಮಾಡುವುದಿಲ್ಲ ಅನ್ನುತ್ತಾರೆ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಏನನ್ನು ಮುಂದೆ ಕಳುಹಿಸಬೇಕು? ಅದು ಇರಬೇಕಾದದ್ದು ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಒಂದೇ ರೇಡಿಯೋದಲ್ಲಿ ಕೇಳುವುದು, ಹೇಳುವುದು ಎರಡೂ ಆಗಬೇಕಾದ ರಿಪೀಟರಿನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಎಳೆಯಲು ಆಗುವ ಮನೆಯಲ್ಲಿ ನಾನು ರಿಪೀಟರ್ ಹಾಕಿಸುವುದೇ ಇಲ್ಲ.

ಕುಂಬಳೆಯಿಂದ ಒಬ್ಬರು ನಿವೃತ್ತ ಅಧ್ಯಾಪಕರು: ಬೆಂಗಳೂರಿನಲ್ಲಿರುವ ಮಗ ಹೊಸ ರೂಟರ್ ತರಿಸಿ ಕಳುಹಿಸಿದ್ದಾನೆ. ಮನೆಯಲ್ಲಿ ಈಗ ಇರುವುದು ವೈಫೈ ಇಲ್ಲದ ಸಣ್ಣ ಫೈಬರ್ ಡಬ್ಬ, ಅದಕ್ಕೆ ಸಿಕ್ಕಿಸಿದ ಒಂದು ಹಳೆಯ ರೂಟರ್. ಹೊಸದನ್ನು ನಾನೇ ಜೋಡಿಸಬಹುದಾ, ಯಾರನ್ನಾದರೂ ಕರೆಯಬೇಕಾ? ಪೆಟ್ಟಿಗೆ ಬಿಚ್ಚಲೂ ಹೆದರಿಕೆ.

ಉತ್ತರ: ಮೇಷ್ಟ್ರೇ, ನೀವೇ ಜೋಡಿಸಬಹುದು. ಮುಕ್ಕಾಲು ಗಂಟೆಯ ಕೆಲಸ. ನಿಮಗೆ ಬೇಕಾದದ್ದು ಕನ್ನಡಕ, ಒಂದು ನೋಟ್‌ಬುಕ್ಕು, ಪೆನ್ನು.

ಪೆಟ್ಟಿಗೆ ಬಿಚ್ಚುವ ಮೊದಲೇ ಲೈನಿನವರಿಗೆ ಒಂದು ಫೋನ್ ಮಾಡಿ ಎರಡು ವಿಷಯ ಕೇಳಿ. ನಮ್ಮ ಕನೆಕ್ಷನ್ನಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಇದೆಯಾ, ಇದ್ದರೆ ಏನು? ಹೊಸ ರೂಟರ್ ಹಾಕಿದರೆ ನಿಮ್ಮ ಕಡೆಯಿಂದ ಏನಾದರೂ ಬದಲಾಯಿಸಬೇಕಾ? ಎರಡನೆಯದನ್ನು ಯಾಕೆ ಕೇಳುವುದು ಅಂದರೆ, ಕೆಲವು ಕೇಬಲಿನವರು ಹಳೆಯ ರೂಟರಿನ ಮ್ಯಾಕ್ ನಂಬರನ್ನು, ಅಂದರೆ ಆ ಡಬ್ಬದ ಗುರುತಿನ ಸಂಖ್ಯೆಯನ್ನು, ತಮ್ಮಲ್ಲಿ ಗುರುತು ಹಾಕಿ ಇಟ್ಟಿರುತ್ತಾರೆ. ಹೊಸದು ಬಂದರೆ ಅವರ ಕಂಪ್ಯೂಟರಿಗೆ ಪರಿಚಯ ಇಲ್ಲ, ಒಳಗೆ ಬಿಡುವುದಿಲ್ಲ. ನೀವು ಇಲ್ಲಿ ಎಷ್ಟು ಒದ್ದಾಡಿದರೂ ಬರುವುದಿಲ್ಲ, ಅವರು ಅಲ್ಲಿ ಒಂದು ನಿಮಿಷದಲ್ಲಿ ಸರಿ ಮಾಡುತ್ತಾರೆ.

ಆಮೇಲೆ ಹಳೆಯ ರೂಟರಿನ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ದೊಡ್ಡಕ್ಷರ ಸಣ್ಣಕ್ಷರ ಸಮೇತ. ಹೊಸದಕ್ಕೂ ಇದೇ ಹೆಸರು, ಇದೇ ಪಾಸ್‌ವರ್ಡ್ ಕೊಟ್ಟರೆ ಮನೆಯ ಟಿವಿ, ಫೋನುಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಇದು ಸಣ್ಣ ಉಪಾಯ, ಆದರೆ ಒಂದೊಂದೇ ಫೋನು ಹುಡುಕಿ ಪಾಸ್‌ವರ್ಡ್ ಹಾಕುವ ಅರ್ಧ ದಿನದ ಕೆಲಸ ಉಳಿಯುತ್ತದೆ. ಹಳೆಯ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಾಗಿದ್ದರೆ ಮಾತ್ರ ಹೊಸದು ಮಾಡಿ.

ಈಗ ಹಳೆಯದನ್ನು ಕಳಚಿ. ಫೈಬರ್ ಡಬ್ಬದಿಂದ ಬರುವ ಲ್ಯಾನ್ ಕೇಬಲನ್ನು ಹೊಸ ರೂಟರಿನ ವ್ಯಾನ್ ಅಥವಾ ಇಂಟರ್‌ನೆಟ್ ಎಂದು ಬರೆದ ತೂತಿಗೆ ಹಾಕಿ. ಹೆಚ್ಚಿನ ರೂಟರುಗಳಲ್ಲಿ ಅದರ ಬಣ್ಣ ಬೇರೆ ಇರುತ್ತದೆ. ಟಕ್ ಅಂತ ಸದ್ದು ಕೇಳಬೇಕು. ಹೊಸದರ ಜೊತೆ ಬಂದ ಅಡಾಪ್ಟರನ್ನೇ ಹಾಕಿ, ಹಳೆಯದು ನೋಡಲು ಒಂದೇ ತರ ಇದ್ದರೂ ವೋಲ್ಟು ಬೇರೆ ಇರಬಹುದು. ಸ್ವಿಚ್ ಹಾಕಿ ಎರಡು ನಿಮಿಷ ಸುಮ್ನೆ ಬಿಡಿ, ಅದು ಏಳಲು ಅಷ್ಟು ಹೊತ್ತು ಬೇಕು.

ರೂಟರನ್ನು ಮಗುಚಿ ನೋಡಿ. ಹೊಟ್ಟೆಯ ಮೇಲೆ ಒಂದು ಸ್ಟಿಕ್ಕರ್ ಇದೆ. ಅದರಲ್ಲಿ ವೈಫೈ ಹೆಸರು, ವೈಫೈ ಪಾಸ್‌ವರ್ಡ್, ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಆ ಸ್ಟಿಕ್ಕರಿನ ಫೋಟೊ ಈಗಲೇ ತೆಗೆದಿಟ್ಟುಕೊಳ್ಳಿ, ನಾಲ್ಕು ವರ್ಷದ ಮೇಲೆ ಅಕ್ಷರ ಮಾಸಿ ಹೋಗಿರುತ್ತದೆ. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಸ್ಟಿಕ್ಕರಿನಲ್ಲಿರುವ ವೈಫೈಗೆ ಸೇರಿ. "ಇಂಟರ್‌ನೆಟ್ ಇಲ್ಲ" ಅಂತ ಫೋನು ಹೇಳುತ್ತದೆ. ಹೇಳಲಿ, ಸೇರಿಕೊಂಡೇ ಇರಿ. ಬ್ರೌಸರಿನ ಮೇಲಿನ ಗೆರೆಯಲ್ಲಿ ಆ ವಿಳಾಸ ಒತ್ತಿ. ರೂಟರಿನ ಪುಟ ತೆರೆಯುತ್ತದೆ.

ಇಲ್ಲಿ ಎಲ್ಲರೂ ಗಲಿಬಿಲಿಯಾಗುವ ಒಂದು ವಿಷಯ ಇದೆ, ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಹತ್ತಿರ ಇರುವುದು ಮೂರು ಬೇರೆ ಬೇರೆ ಪಾಸ್‌ವರ್ಡು. ಒಂದು ವೈಫೈನದ್ದು, ಅದು ಗೇಟಿನ ಬೀಗದ ಹಾಗೆ, ಮನೆಗೆ ಬರುವವರಿಗೆ ಕೊಡುವಂಥದ್ದು. ಇನ್ನೊಂದು ರೂಟರಿನ ಪುಟ ತೆರೆಯುವ ಅಡ್ಮಿನ್ ಪಾಸ್‌ವರ್ಡ್, ಅದು ಒಳಗಿನ ಕಪಾಟಿನ ಬೀಗ, ಮನೆಯವರಿಗೆ ಮಾತ್ರ. ಮೂರನೆಯದು ಲೈನಿನವರು ಕೊಟ್ಟದ್ದು, ಪಿಪಿಪಿಒಇ ಎಂಬ ಹೆಸರಿನ ಕೆಳಗೆ ಹಾಕುವುದು, ಆ ಕಡೆಯವರಿಗೆ ನಿಮ್ಮ ಗುರುತು ಹೇಳುವುದು. ಮೂರನ್ನೂ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಬರೆದು, ರೇಶನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

ಪುಟ ತೆರೆದ ಕೂಡಲೇ ಅದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಬಂದದ್ದನ್ನೇ ಬಿಡಬೇಡಿ, ನಿಮ್ಮದು ಹಾಕಿ. ಆಮೇಲೆ ಕನೆಕ್ಷನ್ ಯಾವ ತರದ್ದು ಅಂತ ಕೇಳುತ್ತದೆ. ಲೈನಿನವರು ಯೂಸರ್‌ನೇಮ್ ಕೊಟ್ಟಿದ್ದರೆ ಪಿಪಿಪಿಒಇ ಆರಿಸಿ ಅದನ್ನು ತುಂಬಿಸಿ. "ಏನೂ ಬೇಡ, ಫೈಬರ್ ಡಬ್ಬದಲ್ಲೇ ಹಾಕಿದ್ದೇವೆ" ಅಂದಿದ್ದರೆ ಡೈನಮಿಕ್ ಐಪಿ ಆರಿಸಿ. ಮುಂದಿನದು ವೈಫೈ ಹೆಸರು, ಪಾಸ್‌ವರ್ಡ್. ಭದ್ರತೆಯ ಜಾಗದಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಬೇಕು. ಡಬ್ಲ್ಯೂಇಪಿ ಅಂತ ಎಲ್ಲಾದರೂ ಕಂಡರೆ ಮುಟ್ಟಬೇಡಿ, ಅದನ್ನು ಸುಲಭವಾಗಿ ಮುರಿಯಬಹುದು ಅಂತ 2001ರಲ್ಲೇ ಗೊತ್ತಾಗಿದೆ. ಪಾಸ್‌ವರ್ಡ್ ಕಡಿಮೆ ಅಂದರೆ 8 ಅಕ್ಷರ ಇರಲೇಬೇಕು. ಫೋನ್ ನಂಬರ್, ಮನೆಯ ಹೆಸರು ಬೇಡ. ಕನ್ನಡದ ನಾಲ್ಕು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ನಿಮಗೆ ನೆನಪಿರುತ್ತದೆ, ಬೇರೆಯವರಿಗೆ ಊಹಿಸಲು ಕಷ್ಟ. ಬಾವಿ, ಕುಂಟಾಲ, ಸೋಮವಾರ, ಚಕ್ಕುಲಿ ಅಂತ ಒಂದಕ್ಕೊಂದು ಸಂಬಂಧ ಇಲ್ಲದ್ದು ಆದರೆ ಒಳ್ಳೆಯದು.

ಸೇವ್ ಮಾಡಿ. ಫೋನಿನ ವೈಫೈ ಒಮ್ಮೆ ಕಡಿದು ಹೋಗುತ್ತದೆ, ಹೆಸರು ಬದಲಾಯಿತಲ್ವಾ, ಹಾಗಾಗಿ. ಹೊಸ ಹೆಸರಿಗೆ ಮತ್ತೆ ಸೇರಿದರೆ ಮುಗಿಯಿತು.

ಸೇರಿದ ಮೇಲೂ ಬಾರದಿದ್ದರೆ ಒಂದು ವಿಷಯ ನೋಡಿ. ಫೈಬರ್ ಡಬ್ಬದ ವಿಳಾಸವೂ 192.168.1.1, ಹೊಸ ರೂಟರಿನದ್ದೂ 192.168.1.1 ಆಗಿದ್ದರೆ ಒಂದೇ ಮನೆ ನಂಬರಿನ ಎರಡು ಮನೆಯ ಹಾಗಾಗುತ್ತದೆ. ರೂಟರಿನದ್ದನ್ನು 192.168.5.1 ಅಂತ ಬದಲಾಯಿಸಿ.

ಪೆರ್ಲದಿಂದ ಒಬ್ಬರು ಅಮ್ಮ: ಮಕ್ಕಳಿಬ್ಬರೂ ಗಲ್ಫಿನಲ್ಲಿ, ಮನೆಯಲ್ಲಿ ನಾನು, ಯಜಮಾನರು. ವಿಡಿಯೊ ಕಾಲ್ ಬಿಟ್ಟು ಬೇರೇನೂ ಬೇಡ ನಮಗೆ. ಆಗಾಗ ನಿಂತು ಹೋಗುತ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಮಲಯಾಳದಲ್ಲಿ ಪಟಪಟ ಹೇಳುತ್ತಾರೆ, ನನಗೆ ಅರ್ಧವೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದೆ, ಆಮೇಲೆ ಪೂರ್ತಿ ಹೋಯಿತು.

ಉತ್ತರ: ಅಮ್ಮಾ, ಆ ತೂತಿಗೆ ಇನ್ನು ಯಾವತ್ತೂ ಪಿನ್ನು ಚುಚ್ಚಬೇಡಿ. ಅದು ರೀಸೆಟ್. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸ್ವಿಚ್ ಆಫ್ ಮಾಡಿ ಹಾಕುವುದು ರೀಸ್ಟಾರ್ಟ್, ಅದರಿಂದ ಏನೂ ಹಾಳಾಗುವುದಿಲ್ಲ. ಪಿನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಡಬ್ಬ ಎಲ್ಲವನ್ನೂ ಮರೆಯುತ್ತದೆ, ಲೈನಿನವರು ಒಳಗೆ ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ. ಮತ್ತೆ ಅವರೇ ಬಂದು ತುಂಬಿಸಬೇಕು. ನನಗೂ ಹೀಗಾಗಿದೆ. ಕೆಲಸ ಕಲಿಯುವ ಹೊತ್ತಿನಲ್ಲಿ ಒಂದು ಮನೆಯ ಡಬ್ಬಕ್ಕೆ ಪಿನ್ನು ಒತ್ತಿ, ಅದನ್ನು ಮತ್ತೆ ಸರಿ ಮಾಡಲು ಲೈನಿನವರು ಬರುವವರೆಗೆ ಮೂರು ದಿನ ಆ ಮನೆಯವರು ಇಂಟರ್‌ನೆಟ್ ಇಲ್ಲದೆ ಇದ್ದರು. ಅಂದಿನಿಂದ ಯಾರ ಮನೆಗೆ ಹೋದರೂ ಇದನ್ನು ಮೊದಲು ಹೇಳುತ್ತೇನೆ.

ನಿಂತು ಹೋದಾಗ ಮೊದಲು ದೀಪ ನೋಡಿ. ಪವರ್ ಅಂತ ಬರೆದದ್ದು ಹೊತ್ತಿಲ್ಲವಾದರೆ ಕರೆಂಟು ಅಥವಾ ಅಡಾಪ್ಟರಿನ ತೊಂದರೆ. ಪಿಒಎನ್ ಅಂತ ಬರೆದದ್ದು ಹಸಿರಾಗಿ, ಮಿನುಗದೆ ಉರಿಯಬೇಕು. ಎಲ್‌ಓಎಸ್ ಅಂತ ಬರೆದದ್ದು ಆರಿರಬೇಕು. ಅದು ಕೆಂಪಾಗಿ ಮಿನುಗುತ್ತಿದೆ ಅಂದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ. ಎಲ್ಲೋ ಮರದ ಗೆಲ್ಲು ಬಿದ್ದು ಲೈನು ಕಡಿದಿರಬಹುದು, ಇಲಿ ಕಚ್ಚಿರಬಹುದು, ಮನೆಯೊಳಗೇ ವಯರು ಮಡಚಿ ಹೋಗಿರಬಹುದು. ಡಬ್ಬದ ಹಿಂದೆ ವಯರು ಸಡಿಲವಾಗಿದೆಯಾ, ಮೇಜಿನ ಕಾಲಿನಡಿ ಸಿಕ್ಕಿದೆಯಾ ಅಂತ ನೋಡಿ, ಇಲ್ಲದಿದ್ದರೆ ನೇರ ಫೋನ್ ಮಾಡಿ. ನೀವು ಎಷ್ಟು ಸಲ ಸ್ವಿಚ್ ಹಾಕಿ ತೆಗೆದರೂ ಕಡಿದ ಲೈನು ಕೂಡುವುದಿಲ್ಲ. ಆ ವಯರಿನ ತುದಿಯನ್ನು ಕಳಚಿ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಫೋನಿನಲ್ಲಿ ಹೇಳಲು ಒಂದೇ ವಾಕ್ಯ ಕಲಿತರೆ ಸಾಕು: "ಎಲ್‌ಓಎಸ್ ಲೈಟ್ ಚುವಪ್ಪ್ ಮಿನ್ನುನ್ನುಂಡ್." ಎಲ್‌ಓಎಸ್ ದೀಪ ಕೆಂಪಾಗಿ ಮಿನುಗುತ್ತಿದೆ ಅಂತ ಅರ್ಥ. ಇದನ್ನು ಕೇಳಿದ ಕೂಡಲೇ ಆ ಕಡೆಯವರಿಗೆ ಪೂರ್ತಿ ವಿಷಯ ಗೊತ್ತಾಗುತ್ತದೆ, ರೀಸ್ಟಾರ್ಟ್ ಮಾಡಿ ನೋಡಿ ಅಂತ ನಿಮ್ಮನ್ನು ಓಡಾಡಿಸುವುದೂ ತಪ್ಪುತ್ತದೆ. ಕಂಪ್ಲೇಂಟ್ ನಂಬರ್ ಕೊಡಿ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಅದು ನಿಮ್ಮ ಹಕ್ಕು.

ಬಾಯಾರಿನಿಂದ ಒಬ್ಬ ಯುವಕ: ನಮ್ಮದು 100ರ ಪ್ಲಾನ್. ಫೋನಿನಲ್ಲಿ ನೋಡಿದರೆ 35, 40 ತೋರಿಸುತ್ತದೆ. ಕೇಬಲ್ ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡುವಾಗ 12 ದಾಟುವುದೇ ಇಲ್ಲ. ರಾತ್ರಿ ಯಕ್ಷಗಾನ ಲೈವ್ ಹಾಕಿದರೆ ಒಳ್ಳೆ ಹೊತ್ತಿಗೇ ಸುತ್ತುತ್ತದೆ. ಮೋಸ ಮಾಡುತ್ತಿದ್ದಾರಾ?

ಉತ್ತರ: ಮೊದಲು 12ರ ಲೆಕ್ಕ ಬಗೆಹರಿಸೋಣ. ಪ್ಲಾನ್ ಹೇಳುವುದು ಮೆಗಾಬಿಟ್ಟಿನಲ್ಲಿ, ಡೌನ್‌ಲೋಡ್ ತೋರಿಸುವುದು ಮೆಗಾಬೈಟಿನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ. ನಿಮಗೆ ಬರಬೇಕಾದದ್ದು ಪೂರ್ತಿ ಬರುತ್ತಿದೆ.

ಫೋನಿನ 40 ವೈಫೈನದ್ದು. ವೈಫೈಯಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ತರದ ಅಲೆ ಇದೆ, ನಿಮ್ಮ ಫೋನು ಬಹುಶಃ 2.4 ಗಿಗಾಹರ್ಟ್ಸಿನಲ್ಲಿ ಸೇರಿಕೊಂಡಿದೆ. ಅದು ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ಚೆನ್ನಾಗಿ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರಿನ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟು, ಹತ್ತಿರ ಕೂರುವ ಟಿವಿಗೆ 5, ಹಿಂದಿನ ಕೋಣೆಯ ಫೋನಿಗೆ 2.4 ಕೊಡಿ. ಲೈನಿನ ನಿಜವಾದ ವೇಗ ಗೊತ್ತಾಗಬೇಕಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಅಳೆಯಿರಿ, ವೈಫೈಯಲ್ಲಿ ಅಳೆದದ್ದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ನಿಮ್ಮ ಪ್ಲಾನ್ 200 ಅಥವಾ 300 ಆಗಿದ್ದು ಕೇಬಲಿನಲ್ಲಿ ಸರಿಯಾಗಿ 95ರ ಹತ್ತಿರ ನಿಂತರೆ, ರೂಟರಿನ ತೂತು ಹಳೆಯ 100ರದ್ದು ಅಥವಾ ಕೇಬಲಿನ ಒಳಗಿನ 8 ಎಳೆಗಳಲ್ಲಿ 4 ಮಾತ್ರ ಸೇರಿವೆ.

ಯಕ್ಷಗಾನದ ವಿಷಯ. ಚೆನ್ನಾಗಿ ಕಾಣುವ ವಿಡಿಯೊಗೆ ಸುಮಾರು 5 ಮೆಗಾಬಿಟ್ ಸಾಕು, ನಿಮ್ಮ ಹತ್ತಿರ 40 ಇದೆ. ಹಾಗಾಗಿ ಲೈವ್ ನಡೆಯುವಾಗಲೇ ಬೇರೆ ಯಾವುದಾದರೂ ವಿಡಿಯೊ ಹಾಕಿ ನೋಡಿ. ಅದು ಸಲೀಸಾಗಿ ಓಡಿದರೆ ತೊಂದರೆ ನಿಮ್ಮಲ್ಲಿಲ್ಲ. ಬಯಲಿನಲ್ಲಿ ರಂಗಸ್ಥಳದ ಪಕ್ಕ ಕೂತು ಮೊಬೈಲ್ ನೆಟ್‌ವರ್ಕಿನಲ್ಲಿ ಕಳುಹಿಸುವವರ ಕಡೆಯಿಂದಲೇ ಅದು ನಿಧಾನ ಬರುತ್ತಿರುತ್ತದೆ. ಆ ಹುಡುಗರು ಇಡೀ ರಾತ್ರಿ ನಿದ್ದೆಗೆಟ್ಟು ನಮಗೆ ಆಟ ತೋರಿಸುತ್ತಾರೆ. ಕಮೆಂಟಿನಲ್ಲಿ ಬೈಯುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಮುಳ್ಳೇರಿಯದಿಂದ ಒಬ್ಬರು ಕೃಷಿಕರು: ಸಿಡಿಲಿಗೆ ಎರಡು ರೂಟರ್ ಹೋಯಿತು. ಫೈಬರಿನಲ್ಲಿ ಕರೆಂಟು ಇಲ್ಲ, ಹೆದರಬೇಡಿ ಅಂತ ಹೇಳಿದ್ದರು. ಮತ್ತೆ ಹೇಗೆ ಹೋಯಿತು? ಕರೆಂಟು ಹೋದಾಗಲೂ ಓಡಿಸಬಹುದಾ?

ಉತ್ತರ: ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ ಅಂತ ಹೇಳಿದ್ದು ನಿಜ. ಆದರೆ ಸಿಡಿಲಿಗೆ ಬೇರೆ ದಾರಿಗಳಿವೆ. ಒಂದು ಅಡಾಪ್ಟರ್, ಕರೆಂಟಿನ ಲೈನಿನ ಮೂಲಕ. ಇನ್ನೊಂದು ಫೈಬರ್ ವಯರಿಗೆ ಬಲ ಕೊಡಲು ಜೊತೆಗೆ ಓಡುವ ಉಕ್ಕಿನ ತಂತಿ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ಲ್ಯಾನ್ ಕೇಬಲ್, ಅದು ಪೂರ್ತಿ ತಾಮ್ರ.

ನನ್ನ ಸ್ವಂತ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮನೆಯಿಂದ ಹಟ್ಟಿಯ ಪಕ್ಕದ ಕೋಣೆಗೆ, ಅಂಗಳದ ಮೇಲಿಂದ, ಮಾಡಿನ ಪಕ್ಕಾಸಿಗೆ ಕಟ್ಟಿ ಒಂದು ಲ್ಯಾನ್ ಕೇಬಲ್ ಎಳೆದಿದ್ದೆ. ತುಲಾ ತಿಂಗಳ ಒಂದು ಸಂಜೆ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾಶಿ ಮಾಡುವಷ್ಟರಲ್ಲಿ, ತೋಟದ ಆಚೆಗೆಲ್ಲೋ ಸಿಡಿಲು ಬಡಿಯಿತು. ಮನೆಗೆ ಬಡಿದದ್ದಲ್ಲ. ಆದರೂ ಆ ಕೇಬಲಿನ ಎರಡೂ ತುದಿಯ ರೂಟರ್ ಹೋಯಿತು. ಕೇಬಲ್ ಸಿಕ್ಕಿಸಿದ್ದ ತೂತಿನ ಹತ್ತಿರ ಪ್ಲಾಸ್ಟಿಕ್ ಕಪ್ಪಾಗಿತ್ತು, ಸುಟ್ಟ ವಾಸನೆ ಎರಡು ದಿನ ಇತ್ತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗಿನಿಂದ ತಾಮ್ರ ಎಳೆಯಬಾರದು ಅಂತ ನನಗೆ ಗಟ್ಟಿಯಾದದ್ದು ಆವತ್ತು. ಅಲ್ಲಿಗೂ ಬೇಕಿದ್ದರೆ ಫೈಬರನ್ನೇ ಎಳೆಸಿ, ಉಕ್ಕಿನ ತಂತಿ ಇಲ್ಲದ್ದು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು, ಮತ್ತೆ ಅಕ್ಟೋಬರ್, ನವೆಂಬರಿನ ಸಂಜೆಗಳು ಜೋರು ಗುಡುಗಿನವು. ಮೋಡ ಕಟ್ಟಿದ ಕೂಡಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ. ಲ್ಯಾನ್ ಕೇಬಲನ್ನೂ ಕಳಚಿ. ಗುಡುಗು ಶುರುವಾದ ಮೇಲೆ ಅದರ ಹತ್ತಿರ ಹೋಗಬೇಡಿ, ರೂಟರ್ ಹೋದರೆ ಇನ್ನೊಂದು ತರಬಹುದು.

ಕರೆಂಟು ಹೋದಾಗ ಓಡಿಸಲು ರೂಟರಿಗೇ ಅಂತ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರು ನೋಡಿ ಅದಕ್ಕೆ ಸರಿಯಾದದ್ದು ತನ್ನಿ, ಹೆಚ್ಚಿನವು 12 ವೋಲ್ಟಿನವು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿನ ಪ್ಲಗ್ಗಿಗೆ ಹಾಕಿದರೂ ಆಯಿತು. ದಾರಿಯ ಮಧ್ಯೆ ಕಂಬದ ಮೇಲೆ ಫೈಬರನ್ನು ಮನೆಮನೆಗೆ ಕವಲು ಮಾಡುವ ಸ್ಪ್ಲಿಟರಿಗೆ ಕರೆಂಟು ಬೇಕಾಗಿಲ್ಲ, ಹಾಗಾಗಿ ಲೈನಿನವರ ಆಫೀಸಿನಲ್ಲಿ ಕರೆಂಟು ಇದ್ದು ನಿಮ್ಮ ಡಬ್ಬಕ್ಕೆ ಕರೆಂಟು ಸಿಕ್ಕಿದರೆ ಇಂಟರ್‌ನೆಟ್ ಬರುತ್ತದೆ. ಬಿಲ್ಲಿನ ಚಿಂತೆ ಇದ್ದರೆ, 10 ವ್ಯಾಟಿನ ಡಬ್ಬ ಹಗಲು ರಾತ್ರಿ ಉರಿದರೂ ತಿಂಗಳಿಗೆ ಸುಮಾರು 7 ಯೂನಿಟ್.

ಮಧೂರಿನಿಂದ: ಪಕ್ಕದ ಮನೆಯ ಮಕ್ಕಳು ಪಾಸ್‌ವರ್ಡ್ ಕೇಳುತ್ತಾರೆ. ಕೊಡದಿದ್ದರೆ ಬೇಜಾರು, ಕೊಟ್ಟರೆ ಹೆದರಿಕೆ.

ಉತ್ತರ: ರೂಟರಿನ ಪುಟದಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು ಅದನ್ನು ಕೊಡಿ. ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್, ಕ್ಯಾಮೆರಾ ಕಾಣುವುದಿಲ್ಲ. ಬೇಡ ಅನ್ನಿಸಿದಾಗ ಅದೊಂದನ್ನೇ ಮುಚ್ಚಬಹುದು. ಆದರೆ ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ, ಅದರಲ್ಲಿ ಯಾರಾದರೂ ಏನಾದರೂ ತಪ್ಪು ಮಾಡಿದರೆ ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ. ಗುರುತಿದ್ದವರಿಗೆ ಮಾತ್ರ ಕೊಡಿ.

ಕಾಸರಗೋಡು ವಿದ್ಯಾನಗರದ ಫ್ಲ್ಯಾಟಿನಿಂದ: ರೂಟರ್ ಪಕ್ಕದಲ್ಲೇ ಇದ್ದರೂ ಸಂಜೆಯಾದರೆ ನಿಧಾನ.

ಉತ್ತರ: ತೋಟದ ಮಧ್ಯದ ಮನೆಗಳಿಗೆ ಈ ತೊಂದರೆ ಇಲ್ಲ, ಇದು ಫ್ಲ್ಯಾಟಿನದ್ದು. ಮೇಲೆ, ಕೆಳಗೆ, ಪಕ್ಕ ಎಲ್ಲರ ರೂಟರೂ ಒಂದೇ ಚಾನೆಲಿನಲ್ಲಿ, ಅಂದರೆ ವೈಫೈಯ ಒಂದೇ ಓಣಿಯಲ್ಲಿ ಮಾತಾಡುತ್ತಿರಬಹುದು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6, 11. ರೂಟರಿನ ಪುಟದಲ್ಲಿ ಖಾಲಿ ಇರುವುದನ್ನು ಆರಿಸಿ, ಇಲ್ಲವಾದರೆ 5 ಗಿಗಾಹರ್ಟ್ಸಿಗೆ ಹೋಗಿ. ಫ್ಲ್ಯಾಟಿನಲ್ಲಿ 5 ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ಸರಿಯಾಗಿ ದಾಟದೆ ಇರುವುದೇ ನಿಮಗೆ ಅನುಕೂಲ.

ಆದೂರಿನಿಂದ ಒಬ್ಬರು: ಹೊಸ ಮನೆ ಕಟ್ಟುತ್ತಿದ್ದೇವೆ, ಗೋಡೆ ಎದ್ದಿದೆ, ಸಾರಣೆ ಆಗಿಲ್ಲ. ಈಗಲೇ ಏನಾದರೂ ಮಾಡಿಡಬೇಕಾ?

ಉತ್ತರ: ಈ ಸಲದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ನಿಮ್ಮದು. ಉಳಿದವರೆಲ್ಲ ಆದಮೇಲೆ ಕೇಳುತ್ತಾರೆ, ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ.

ಲೈನು ಮನೆಗೆ ಮುಟ್ಟುವ ಜಾಗದಿಂದ ನಡುಕೋಣೆಯ ಗೋಡೆಯ ಮೇಲ್ಭಾಗಕ್ಕೆ ಒಂದು ಪೈಪು ಹಾಕಿಸಿ, ಅಲ್ಲಿಂದ ಉಪ್ಪರಿಗೆಗೆ, ಟಿವಿ ಇಡುವ ಜಾಗಕ್ಕೆ, ಮಕ್ಕಳು ಓದುವ ಕೋಣೆಗೆ ಒಂದೊಂದು. ಕರೆಂಟಿನ ವಯರು ಹೋಗುವ ಪೈಪಿನಲ್ಲೇ ಇದನ್ನೂ ತುರುಕುತ್ತೇನೆ ಅಂತ ವಯರಿಂಗಿನವರು ಹೇಳಬಹುದು, ಒಪ್ಪಬೇಡಿ, ಬೇರೆಯೇ ಬೇಕು. ತಿರುವುಗಳಲ್ಲಿ ಚೂಪು ಮೂಲೆ ಬೇಡ, ದೊಡ್ಡ ಬಾಗು ಇರಲಿ, ಇಲ್ಲದಿದ್ದರೆ ನಾಳೆ ಫೈಬರ್ ಎಳೆಯುವಾಗ ಒಳಗೆ ಮುರಿಯುತ್ತದೆ. ಪ್ರತಿ ಪೈಪಿನ ಒಳಗೂ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಆಮೇಲೆ ಕೇಬಲ್ ಎಳೆಯಲು ಅದೇ ಬೇಕು. ನಡುಕೋಣೆಯ ಆ ಮೇಲ್ಭಾಗದಲ್ಲಿ ಒಂದು ಪ್ಲಗ್ ಪಾಯಿಂಟ್, ಅದು ಇನ್ವರ್ಟರಿನ ಲೈನಿನಲ್ಲಿ, ಕೈಗೆ ಎಟುಕುವ ಎತ್ತರದಲ್ಲಿ ಇರಲಿ, ಗುಡುಗು ಬಂದಾಗ ಕೀಳಬೇಕಲ್ಲ. ಸಾರಣೆಯವರು ಬರುವ ಹಿಂದಿನ ದಿನ ಪ್ರತಿ ಗೋಡೆಯ ಒಂದೊಂದು ಫೋಟೊ ತೆಗೆದಿಡಿ, ಪಕ್ಕದಲ್ಲಿ ಅಳತೆಯ ಟೇಪು ಹಿಡಿದು. ಐದು ವರ್ಷದ ಮೇಲೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಅಂತ ಗೊತ್ತಾಗುತ್ತದೆ.